ಅತ್ತೆಯ ಎದುರು ಕಾಲು ಚಾಚಿ ಕೂತಿದ್ದು

ಅವತ್ತು ಮಂಗಳವಾರ. ಮಾಳಿಗೆಯ ಮೇಲೆ ನನ್ನದೇ ಹಳೇ ಪಂಚೆ ಹಾಸಿತ್ತು. ಅದರ ಮೇಲೆ ಮೊಳಕೆ ಬಂದ ರಾಗಿ ಆರುತ್ತಿತ್ತು. ನನ್ನ ಹೆಂಡತಿ ನಿರ್ಮಲ ಎಂಟು ತಿಂಗಳ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಗುಬ್ಬಿ ಓಡಿಸುತ್ತಿದ್ದಳು.

"ಸಂಜಿಗೆ ಗಿರಣಿಗೆ ಹೋಗಿ ಬರ್ರಿ. ನಿಮ್ಮ ಮುಂದ ಯಾರೂ ಮೆಣಸಿನಕಾಯಿ ಹಾಕ್ಸಿರಬಾರ್ದು, ನೋಡ್ಕೊಂಡು ಹಾಕ್ಸ್ರಿ" ಅಂದಳು.

"ನಾಳೆ ನೋಡಾಣ. ಇವತ್ತು ಬೂತ್‌ನಾಗ ರಶ್ ಐತಿ" ಅಂದೆ. ಮೆಟ್ಟಿಲು ಇಳಿಯುತ್ತಾ, ಬೆಳಗಿನ ಚಟ್ನಿಗೆ ಉಪ್ಪು ಸಾಲದಾಗಿತ್ತು ಅಂತಲೂ ಅಂದೆ.

ಅಷ್ಟೇ. ಸಾಮಾನ್ಯ ದಿನದಲ್ಲಿ ಇನ್ನೇನಿರುತ್ತದೆ? ಮರುದಿನ ಅವಳಿಗೆ ಜ್ವರ ಬಂತು. ಶನಿವಾರದ ಹೊತ್ತಿಗೆ ಅವಳು ಇರಲಿಲ್ಲ.

ಇಷ್ಟು ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಇದೇ ಉತ್ತರ. ಹರಪನಹಳ್ಳಿ ಬಸ್ ಸ್ಟ್ಯಾಂಡ್ ಪಕ್ಕದ ನನ್ನ ಎಸ್‌ಟಿಡಿ ಬೂತ್‌ಗೆ ಬಂದು, ಯಾರಿಗೂ ಫೋನ್ ಮಾಡದೆ ಸುಮ್ಮನೆ ಐದು ನಿಮಿಷ ಕೂತು ಹೋದ ಓದುಗರೂ ಇದ್ದೀರಿ. ನಿಮ್ಮ ಹತ್ತಿರ ಏನು ಮಾತಾಡಬೇಕೋ ತಿಳಿದಿರಲಿಲ್ಲ. ಇವತ್ತು ಕೂಸಿನ ಊಟದ ಬಗ್ಗೆ ಬರೆಯುತ್ತೇನೆ. ಸದ್ಯಕ್ಕೆ ನನಗೆ ಸ್ವಲ್ಪವಾದರೂ ಗೊತ್ತಿರುವ ವಿಷಯ ಅದೊಂದೇ.

ನಿರ್ಮಲಳ ಮಣ್ಣಿಗೆ ಬಂದ ಅವಳ ತಾಯಿ, ನನ್ನ ಅತ್ತೆ, ತಮ್ಮೂರು ಕೋಗಳಿಗೆ ವಾಪಸ್ ಹೋಗಲಿಲ್ಲ. ಮೊಮ್ಮಗಳನ್ನು ನೋಡಿಕೊಳ್ಳುತ್ತಾ ಇಲ್ಲೇ ಉಳಿದರು. ಆದರೆ ಎಷ್ಟು ದಿನ? ಅಲ್ಲಿ ಬಿತ್ತನೆ ಶುರುವಾಗುವುದಿತ್ತು, ಕುರಿ ಇದ್ದವು. ಒಂದು ದಿನ ಪಕ್ಕದ ಮನೆಯ ಹಾಲಮ್ಮನಿಗೆ ಹೇಳಿದರು: "ಮುಂದಿನ ಸೋಮವಾರ ನಾನು ಹೊಂಡ್ತೀನಿ. ಕೂಸು ಅವರಪ್ಪನ ಕೈಯಾಗ ಉಂಡ್ರ ಇಲ್ಲೇ ಇರ್ಲಿ. ಇಲ್ಲಾಂದ್ರ ನನ್ನ ಜೊತಿ ಕರಕೊಂಡು ಹೋಗ್ತೀನಿ."

ಹೇಳಿದ್ದು ಹಾಲಮ್ಮನಿಗೆ, ಕೇಳಬೇಕಾದವನು ನಾನು. (ನಮ್ಮ ಕಡೆಯ ಹಳೇ ಅತ್ತೆಯರು ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ಬಾಗಿಲ ಹಿಂದೆ ನಿಂತು ಬೆಕ್ಕಿಗೆ ಹೇಳುತ್ತಾರೆ. ಅದು ಅಳಿಯನಿಗೆ ಹೇಳಿದ್ದು ಅಂತ ಬೆಕ್ಕಿಗೂ ಗೊತ್ತಿರುತ್ತದೆ.)

ಹಾಲಮ್ಮ ನನಗೆ ಧೈರ್ಯ ಹೇಳಿದರು. "ಹಗಲೆಲ್ಲಾ ನಾನು ನೋಡ್ಕೋತೀನಿ ಕೊಟ್ರೇಶಿ. ಆದ್ರ ಉಣಿಸೋದು ನೀನೇ. ನನ್ನ ಮಂಡಿ ಮಡಚಿದ್ರ ಬಿಚ್ಚಂಗಿಲ್ಲ, ಬಿಚ್ಚಿದ್ರ ಮಡಚಂಗಿಲ್ಲ."

ನನಗಿದ್ದದ್ದು ಎಂಟು ದಿನ. ಮಗಳು ಉಂಡರೆ ಈ ಮನೆಯಲ್ಲಿ, ಉಣ್ಣದಿದ್ದರೆ ಕೋಗಳಿಯಲ್ಲಿ.

ಅಡುಗೆ ಮನೆಗೆ ಹೊಕ್ಕೆ. ಗಂಡಸರೇ, ನೀವು ಯಾವತ್ತಾದರೂ ರಾಗಿ ಸರಿ ಮಾಡಿದ್ದೀರಾ? ನಾನು ಹಿಟ್ಟನ್ನು ನೇರ ಕುದಿಯುವ ನೀರಿಗೆ ಸುರಿದೆ. ಹಾಲಮ್ಮ ಬಟ್ಟಲಲ್ಲಿ ಬೆರಳಾಡಿಸಿ ನೋಡಿದರು. "ಇದು ಕೂಸಿಗೆ ಉಣಿಸೋದೇನಪಾ, ಇಟ್ಟಂಗಿ ಕಟ್ಟೋ ಗಾರೆಯಾ?"

ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿ, ಆಮೇಲೆ ಒಲೆಗಿಟ್ಟು ಕೈ ಬಿಡದೆ ತಿರುವಬೇಕಂತೆ. ಸರಿ, ಗಂಟು ಹೋಯಿತು. ಆದರೆ ಹಿಟ್ಟೇ ತರಿತರಿ. ಅಂಗಡಿಯಿಂದ ತಂದದ್ದು, ಹೊಟ್ಟಿನ ಸಮೇತ ಬೀಸಿದ್ದು. ಹಾಗಾಗಿ ಬುಡದಿಂದ ಶುರು ಮಾಡಿದೆ. ರಾಗಿ ತೊಳೆದು ಕಲ್ಲು ತೆಗೆದೆ. ರಾತ್ರಿ ನೆನೆಹಾಕಿದೆ. ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಗೂಟಕ್ಕೆ ತೂಗುಹಾಕಿ, ಒಣಗಿದಾಗೆಲ್ಲ ನೀರು ಚಿಮುಕಿಸಿದೆ. ಮೂರನೇ ದಿನ ಬಿಚ್ಚಿದರೆ ಬಿಳೀ ಮೊಳಕೆ! ಆರಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿದು, ಗಿರಣಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ.

"ಏನಣ್ಣ, ಇಷ್ಟು ಲಗೂ?"

"ಕೂಸಿನ ಹಿಟ್ಟು."

ಗಿರಣಿಯವನು ಹಿಂದಿನ ದಿನದಿಂದಲೇ ಸಾಲಿನಲ್ಲಿದ್ದ ಮೆಕ್ಕೆಜೋಳದ ಡಬ್ಬಿಗಳನ್ನೆಲ್ಲ ಹಿಂದೆ ಸರಿಸಿ ನನ್ನದನ್ನು ಮೊದಲು ಹಾಕಿದ.

ಮನೆಗೆ ತಂದು ಪಾತ್ರೆಯ ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿ ಕೈಯಾಡಿಸಿದೆ. ಹೊಟ್ಟು ಮೇಲೆ ಉಳಿಯಿತು, ಕೆಳಗೆ ಪೌಡರ್‌ನಂಥ ಹಿಟ್ಟು ಇಳಿಯಿತು. ಬೇಯಿಸಿ, ಚೂರು ಬೆಲ್ಲ ಹಾಕಿ, ನಾಲ್ಕು ಹನಿ ತುಪ್ಪ ಬಿಟ್ಟೆ. ಹಾಲಮ್ಮ ಒಂದು ಚಮಚ ನೆಕ್ಕಿ, "ಇದನ್ನ ನನಗೇ ಕೊಟ್ಟುಬಿಡು" ಅಂದರು.

ಕೂಸು ಮಾತ್ರ ಬಾಯಿ ತೆರೆಯಲಿಲ್ಲ.

ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಕೂರಿಸಿಕೊಂಡರೆ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತಿತ್ತು. ತುಟಿ ಬಿಗಿ. ಚಮಚ ಮುಟ್ಟಿದರೆ ಅಳು. ಮೆಡಿಕಲ್ ಶಾಪಿನಿಂದ ಡಬ್ಬಿಯ ಆಹಾರ ತಂದೆ. ಅದೂ ಅಷ್ಟೇ. (ಡಬ್ಬಿಯ ಮೇಲಿನ ಕೂಸು ಮಾತ್ರ ಚೆನ್ನಾಗಿ ನಗುತ್ತಿತ್ತು.) ಕೊನೆಗೆ ಅತ್ತೆ ಬಂದು ಅದೇ ಬಟ್ಟಲು, ಅದೇ ಚಮಚ, ಅದೇ ಕೂಸನ್ನು ಎತ್ತಿಕೊಂಡು ಅಡುಗೆ ಮನೆಗೆ ಹೋಗಿ ಬಾಗಿಲು ಅರ್ಧ ಮುಂದೆ ಮಾಡುತ್ತಿದ್ದರು. ಹತ್ತು ನಿಮಿಷಕ್ಕೆ ಬಟ್ಟಲು ಖಾಲಿ.

ಮಗಳನ್ನು ಕಳಕೊಂಡ ಮುದುಕಿಯ ಮೇಲೆ ಹೊಟ್ಟೆಕಿಚ್ಚು ಪಡಬಹುದೇ? ನಾನು ಪಟ್ಟೆ.

ಭಾನುವಾರ ಬೆಳಿಗ್ಗೆ ಅತ್ತೆ ಕೂಸಿನ ಲಂಗ, ಕುಲಾವಿ, ಕಾಡಿಗೆ ಡಬ್ಬಿಯನ್ನು ಚೀಲಕ್ಕೆ ತುಂಬಿದರು. ನಾನು ಬಟ್ಟಲು ಹಿಡಿದು ಕುರ್ಚಿಯಲ್ಲಿ ಕೂತೆ. ಮೊದಲ ಚಮಚಕ್ಕೇ ಅಳು ಶುರುವಾಯಿತು. ಅತ್ತೆ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತರು. ಕೂಸನ್ನು ನೋಡುತ್ತಾ ಹೇಳಿದರು:

"ಯವ್ವಾ, ನಿಮ್ಮಪ್ಪಗ ಹೇಳು. ಕುರ್ಚಿ ಬಿಟ್ಟು ನೆಲಕ್ಕ ಕುಂದ್ರು ಅಂತ ಹೇಳು."

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಅಳು ನಿಲ್ಲಲಿಲ್ಲ.

"ಕಾಲು ಚಾಚು ಅಂತ ಹೇಳವ್ವ."

ಹಿರಿಯರ ಎದುರು ಕಾಲು ಚಾಚುವುದೇ? ಅದೂ ಅತ್ತೆಯ ಎದುರು? "ಅತ್ತಿ, ನಿಮ್ಮ ಮುಂದ ಹೆಂಗ..." ಅಂದೆ.

ಅವರು ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿದರು. "ನಾನು ಈ ಕಡಿ ನೋಡ್ತೀನಿ. ಚಾಚ್ರಿ."

ಮದುವೆಯಾದ ಮೇಲೆ ಅವರು ನನಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

ಚಾಚಿದೆ. ಎರಡೂ ಕಾಲಿನ ನಡುವಿನ ತಗ್ಗಿನಲ್ಲಿ ಕೂಸನ್ನು ಒರಗಿಸಿದೆ. "ತಲಿ ಎತ್ತರಕ ಇರ್ಲಿ, ನೆತ್ತಿಗೆ ಏರೀತು" ಎಂದು ಗೋಡೆ ಕಡೆಯಿಂದ ದನಿ ಬಂತು. ತಲೆಯಡಿ ದಿಂಬು ಕೊಟ್ಟೆ. ಮಗಳು ಎರಡು ಸಲ ಕೊಸರಾಡಿ, ಸುಮ್ಮನಾಗಿ, ನನ್ನ ಮುಖವನ್ನು ನೋಡಿದಳು. ಕುರ್ಚಿಯಲ್ಲಿ ಅವಳಿಗೆ ಕಂಡಿದ್ದೇನು? ಎದುರಿನ ಕ್ಯಾಲೆಂಡರ್, ಎಲ್ಲಿಂದಲೋ ಬರುವ ಒಂದು ಚಮಚ. ಈಗ ಚಮಚದ ಹಿಂದೆ ಒಂದು ಮುಖ ಇತ್ತು.

ಬಾಯಿ ತೆರೆದಳು.

ಅರ್ಧ ಬಟ್ಟಲು ಹೋಯಿತು. ಆಗ ನನಗೆ ಹೊಳೆಯಿತು: ಅತ್ತೆಗೆ ಇದು ಮೊದಲ ದಿನದಿಂದಲೂ ಗೊತ್ತಿತ್ತು. ನಾಚಿಕೆಗೆ ಹೇಳಲಿಲ್ಲ ಅಂದುಕೊಂಡೆ. ಅದು ಅರ್ಧ ನಿಜ. ಕೂಸು ನನ್ನ ಕೈಯಲ್ಲಿ ಉಂಡರೆ ಅವರು ಬರಿಗೈಯಲ್ಲಿ ಊರಿಗೆ ಹೋಗಬೇಕಿತ್ತು. ಅವರ ಮಗಳದ್ದು ಅಂತ ಉಳಿದಿದ್ದು ಈ ಕೂಸೊಂದೇ. ಏಳು ದಿನ ಆ ಬಾಗಿಲ ಹಿಂದೆ ಕಾಲು ಚಾಚುವ ಆ ಮಾತನ್ನು ನುಂಗಿಕೊಂಡಿದ್ದರು. ಎಂಟನೇ ದಿನ ಹೇಳಿಬಿಟ್ಟರು.

ಅಷ್ಟರಲ್ಲಿ ಮಗಳು ಮತ್ತೆ ಮುಖ ತಿರುಗಿಸಿದಳು.

"ಮೂಕರಂಗ ಉಣಿಸಬ್ಯಾಡ್ರಿ. ಮಾತಾಡ್ಸ್ರಿ" ಅಂದರು ಅತ್ತೆ, ಇನ್ನೂ ಗೋಡೆ ನೋಡುತ್ತಲೇ.

"ಏನಂತ ಮಾತಾಡ್ಸಲಿ?"

"ನಮ್ಮ ನಿರ್ಮಲಿ ಏನಂತ ಮಾತಾಡ್ಸ್ತಿದ್ಲು?"

ಅದು ಕಲಿಸುವ ಪ್ರಶ್ನೆ ಅಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ತಮ್ಮ ಮಗಳು ತಾಯಾಗಿ ಹೇಗಿದ್ದಳು ಎಂದು ಹೇಳಬಲ್ಲವನು ಈ ಲೋಕದಲ್ಲಿ ನಾನೊಬ್ಬನೇ ಅಲ್ಲವೇ? ಒಂದೇ ಸೂರಿನ ಕೆಳಗೆ ಇದ್ದವನು. ಅವರು ಕಾಯುತ್ತಾ ನಿಂತರು. ನಾನು ಕೂಸಿನ ಗದ್ದ ಒರೆಸಿ, ಚಮಚವನ್ನು ಮತ್ತೆ ಬಟ್ಟಲಿಗೆ ಅದ್ದಿದೆ.

ಮರುದಿನ ಅವರು ಒಬ್ಬರೇ ಬಸ್ ಹತ್ತಿದರು. ಮಗಳು ಈಗ ಮೂರು ಹೊತ್ತೂ ನನ್ನ ಕಾಲ ಮೇಲೆ ಉಣ್ಣುತ್ತಾಳೆ. ನಾನು ಅದೂ ಇದೂ ಹೇಳುತ್ತೇನೆ: ಬೂತ್‌ಗೆ ಯಾರು ಬಂದರು, ಯಾವ ಬಸ್ ಲೇಟ್ ಆಯಿತು.

ಉಣಿಸುವಾಗ ನಿರ್ಮಲ ಅವಳಿಗೆ ಏನು ಹೇಳುತ್ತಿದ್ದಳೋ, ನನಗೆ ಗೊತ್ತಿಲ್ಲ.