ಮೊಣಕಾಲೆತ್ತರದ ಕ್ಯಾಲೆಂಡರು

ನಮ್ಮ ಪಾಂಡವಪುರದ ಮನೆ ನಾಲೆ ಏರಿಯ ಕೆಳಗಿದೆ. ನಾಲೆಗೆ ಬಿಟ್ಟ ನೀರು ಕೊನೆಯ ಗದ್ದೆಗೆ ತಲುಪುವುದು ತಡವಾದೀತು, ನಮ್ಮ ಹಜಾರದ ಗೋಡೆಗೆ ತಲುಪುವುದು ಎಂದೂ ತಡವಾಗಿಲ್ಲ. ನೆಲದಿಂದ ಮೊಣಕಾಲೆತ್ತರಕ್ಕೆ ಗೋಡೆ ತೇವವಾಗಿ, ಮಲಗಿದ ಎಮ್ಮೆಯ ಆಕಾರದ ಕಲೆಯೊಂದು ಮೂಡುತ್ತದೆ. ಇಷ್ಟು ಕಾಲ ಆ ಎಮ್ಮೆಯೊಡನೆ ನಾವು ಸೌಹಾರ್ದದಿಂದಲೇ ಬಾಳಿದ್ದೆವು. ಮನೆ ಮಾರಲು ಹೊರಟ ಮೇಲೆ ಹಗೆತನ ಶುರುವಾಯಿತು.

ಮಾರಲು ಕಾರಣ ನನ್ನ ಹೆಂಡತಿಯ ಮಂಡಿ. ಏರಿಯ ರಸ್ತೆಯಿಂದ ನಮ್ಮ ಬಾಗಿಲಿಗೆ ಕಡಿದಾದ ಮೆಟ್ಟಿಲು, ಇಳಿದರೆ ಹತ್ತಲಾರಳು. ಗಂಜಾಂನಲ್ಲಿ ಅವಳು ಮೆಚ್ಚಿದ ಮನೆಯಲ್ಲಿ ಹೊಸಿಲು ಬಿಟ್ಟರೆ ದಾಟುವುದೇನೂ ಇಲ್ಲ, ನಿಮಿಷಾಂಬನ ಗುಡಿಗೆ ನಡೆದೇ ಹೋಗಬಹುದು. ಆ ಮನೆಯವರು ಅಮಾವಾಸ್ಯೆವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು. ಅಷ್ಟರೊಳಗೆ ನಮ್ಮದು ಮಾರಬೇಕಿತ್ತು.

ನೋಡಲು ಬರುತ್ತಾರೆಂದು ಬ್ರೋಕರು ಫೋನು ಮಾಡಿದ ಗಳಿಗೆಯಿಂದ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಕೂತದ್ದು ನೆನಪಿಲ್ಲ. ಕುರ್ಚಿಗಳನ್ನು ಕಿಟಕಿ ಬಳಿಗೆ ಸಾಗಿಸಿದೆ, ವಾಪಸು ತಂದೆ, ಮತ್ತೆ ಸಾಗಿಸಿದೆ. ಹೊಸ ಕಾಲೊರಸು ಬಂತು. ಅದರ ಮೇಲೆ ಕಾಲಿಡಕೂಡದೆಂದು ಆಜ್ಞೆಯೂ ಹೊರಟಿತು. ಗೋಡೆಗೆ ಪುಟ್ಟಿ ಮೆತ್ತಿಸಿ ಬಣ್ಣ ಹೊಡೆಸಿದೆವು. ಎಮ್ಮೆ ಹೊಸ ಬಣ್ಣದಲ್ಲಿ ಎದ್ದು ಬಂತು.

"ಒಂದು ಕ್ಯಾಲೆಂಡರ್ ತಗುಲಾಕ್ಬುಡಿ ಮೇಷ್ಟ್ರೇ, ಅತ್ಲಾಗೆ" ಎಂದ ಬ್ರೋಕರು. ರೈಸ್‌ಮಿಲ್ಲಿನವರು ಕೊಟ್ಟ ದೊಡ್ಡ ಕ್ಯಾಲೆಂಡರನ್ನು ಮೇಲಿನ ಮೊಳೆಯಿಂದ ಇಳಿಸಿ, ಎಮ್ಮೆಯ ಅಳತೆ ನೋಡಿ, ಮೊಣಕಾಲೆತ್ತರದಲ್ಲಿ ಮೊಳೆ ಹೊಡೆದು ಪ್ರತಿಷ್ಠಾಪಿಸಿದೆ.

"ಏಕಾದ್ಸಿ ನೋಡಕ್ಕೆ ನಾನಿನ್ನು ಕುಕ್ಕರಗಾಲಲ್ಲಿ ಕೂರ್ಬೇಕಾ?" ಎಂದಳು ಹೆಂಡತಿ.

"ಯಾರಾದ್ರೂ ಕೇಳಿದ್ರೆ, ಮೊಮ್ಮಕ್ಕಳಿಗೆ ಕಾಣ್ಲಿ ಅಂತ ಹಾಕಿದೀವಿ ಅನ್ನೋಣ."

"ಮೊಮ್ಮಕ್ಕಳು ಏಕಾದ್ಸಿ ಮಾಡ್ತಾವಾ?"

ನಾನು ಮೊಳೆಗೆ ಇನ್ನೊಂದು ಏಟು ಹಾಕಿದೆ.

ಬಂದವರು ಸಿಂಧಘಟ್ಟದ ಒಬ್ಬ ಗೃಹಸ್ಥ ಮತ್ತು ಅವನ ತಾಯಿ. ಮಗ ಬಾಗಿಲು ತಟ್ಟಿದ, ನಲ್ಲಿ ತಿರುಗಿಸಿದ, "ಗಾಳಿ ಬೆಳಕು ಚೆಂದಾಗದೆ" ಎಂದ. ನನಗೆ ಉಸಿರು ಬಂತು. ಮುದುಕಿಗೆ ನಾನು ಕುರ್ಚಿ ಎಳೆದರೆ, "ನಂಗ್ಯಾಕಪ್ಪಾ ಕುರ್ಚಿ" ಎಂದು ನೇರವಾಗಿ ಆ ಗೋಡೆಯ ಬಳಿಗೇ ಹೋಗಿ, ನೆಲದ ಮೇಲೆ ಕಾಲು ಚಾಚಿ ಕೂತರು. ಕ್ಯಾಲೆಂಡರು ಅವರ ಕಣ್ಣಿನ ಮಟ್ಟಕ್ಕೆ ಸರಿಯಾಗಿತ್ತು.

"ಎಷ್ಟ್ ಚೆಂದಾಗಿ ತಗುಲಾಕವ್ರೆ ನೋಡ್ಲಾ ಮಗ! ಕೂತ್ಕಂಡೇ ನೋಡ್ಬೋದು."

ಬ್ರೋಕರು ನನ್ನತ್ತ ವಿಜಯದ ನೋಟ ಬೀರಿದ.

"ಮನೆ ಒಪ್ಗೆ ಆಯ್ತು. ರಾಹುಕಾಲ ನೋಡ್ತೀನಿ ಇರು, ಇವತ್ತೇ ಮಾತಾಡ್ಬುಡಾವ" ಎಂದು ಮುದುಕಿ ಹಿಂಬದಿ ನೋಡಲು ಹಾಳೆ ಎತ್ತಿದರು. ಹಾಳೆ ಏಳಲಿಲ್ಲ, ತೇವಕ್ಕೆ ಗೋಡೆಗೆ ಕಚ್ಚಿಕೊಂಡಿತ್ತು. ಜೋರಾಗಿ ಎಳೆದರು. ಮೊಳೆಯ ಸಮೇತ ಕ್ಯಾಲೆಂಡರು ಅವರ ಮಡಿಲಿಗೆ ಬಿತ್ತು. ಎಮ್ಮೆ ದರ್ಶನ ಕೊಟ್ಟಿತು.

"ಅಯ್ಯೋ, ಗೋಡೆ ಬೆವರ್ತಾ ಅದಲ್ಲೋ!"

"ಅದು ಎಸಿ ಇದ್ದಂಗೆ ಕಣವ್ವ, ಮನೆ ತಂಪಿರ್ತದೆ" ಎಂದ ಬ್ರೋಕರು.

"ಸುಮ್ಕಿರಯ್ಯ ನೀನು" ಎಂದ ಮಗ, ನನ್ನನ್ನೇ ನೋಡುತ್ತಾ.

ನಾನು ಗಂಟಲು ಸರಿಮಾಡಿಕೊಂಡು "ವಾಸ್ತವವಾಗಿ..." ಎಂದು ಪಾಠ ಶುರುಮಾಡುವಷ್ಟರಲ್ಲಿ ಹೆಂಡತಿ ಅಡುಗೆಮನೆ ಬಾಗಿಲಿಗೆ ಬಂದಳು. ಅಮಾವಾಸ್ಯೆ ಹತ್ತಿರವಿರುವುದು ನಮ್ಮೆಲ್ಲರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

"ನಾಲೇಲಿ ನೀರಿರಗಂಟ ಇಂಗೇ ಕಣವ್ವ. ಬಣ್ಣ ಹೊಡ್ಸುದ್ರೂ ಕೇಳ್ನಿಲ್ಲ. ನಾಲೆ ನಿಂತ್ರೆ ಒಣಗ್ತದೆ."

ಮುದುಕಿ ಅಂಗೈಯನ್ನು ಗೋಡೆಗಿಟ್ಟು, ಸೆರಗಿಗೆ ಒರೆಸಿಕೊಂಡರು. "ಅಂಗಾರೆ ನಾಲೆ ನಿಲ್ಲಿಸ್ಲಿ ಬುಡವ್ವ. ಒಣಗಿದ್ಮೇಲೆ ಬಂದು ನೋಡಿ, ಮಾತಾಡಾವ."

ಮಾರನೆಯ ಬೆಳಗಿನಿಂದ ಏರಿಯ ಮೇಲೆ ಹೋಗಿ ನೀರು ನೋಡಿ ಬರುವುದೇ ನನ್ನ ಉದ್ಯೋಗವಾಯಿತು. ಇಡೀ ತಾಲ್ಲೂಕು ನೀರು ಇನ್ನಷ್ಟು ದಿನ ಬರಲಿ ಎಂದು ಬೇಡುತ್ತಿದ್ದಾಗ, ನಿಲ್ಲಲಿ ಎಂದು ಕಾಯುತ್ತಿದ್ದ ಪಾಪಿ ನಾನೊಬ್ಬನೇ.

"ಏನ್ ಮೇಷ್ಟ್ರೇ, ನೀರ್ ನೋಡಕ್ಕಾ? ಇನ್ನೂ ಬುಡ್ತಾರಂತೆ!" ಎಂದರು ಪಕ್ಕದ ಗದ್ದೆಯವರು, ಮುಖವರಳಿಸಿ.

"ಸಂತೋಷ, ಸಂತೋಷ" ಎಂದೆ.

ಮನೆಗಿಳಿದಾಗ ಹೆಂಡತಿ ಕ್ಯಾಲೆಂಡರನ್ನು ಹಳೆಯ ಮೊಳೆಗೇ, ತಲೆಯೆತ್ತರಕ್ಕೆ ತಗುಲಿಸಿ, ಅದರೆದುರು ನಿಂತಿದ್ದಳು.

"ಇಳ್ದದಾ?" ಎಂದು ಕೇಳಿದಳು, ತಿರುಗದೆ.

"ಇಲ್ಲ."

ಈಗ ಬಗ್ಗುವ ಕಷ್ಟವಿರಲಿಲ್ಲ. ಅಮಾವಾಸ್ಯೆ ಅವಳ ಕಣ್ಣಿನ ನೇರಕ್ಕೇ ಇತ್ತು.