ಬೇಲಿ ಬದಿಯ ನಾಯಿದಾರಿ

ನಮ್ಮ ಹೋಟೆಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಕಾರಿನ ಹಿಂದಿನ ಸೀಟಿನಲ್ಲಿ ನಾಯಿ ಕೂರಿಸಿಕೊಂಡೇ ಬರುತ್ತಾರೆ. ಪಕ್ಕದ ನ್ಯಾಷನಲ್ ಪಾರ್ಕಿನ ಕಾಲುದಾರಿಗಳಲ್ಲಿ ನಾಯಿಗೆ ಪ್ರವೇಶವಿಲ್ಲ ಎಂದು ಕೌಂಟರಿನಲ್ಲಿ ಕೂತ ನಾನು ಹೇಳಿದ್ದೇ ತಡ, ಆ ನಿಯಮ ನಾನೇ ಮಾಡಿದ್ದೇನೋ ಎಂಬಂತೆ ದುರುಗುಟ್ಟುತ್ತಾರೆ. ಆಗ ನಾನು ಆರ್ಲಿಸ್‌ಳನ್ನು ಕೂಗುತ್ತೇನೆ.

ಆರ್ಲಿಸ್ ನಮ್ಮಲ್ಲಿ ಕೋಣೆ ಗುಡಿಸಿ ಹಾಸಿಗೆ ಬದಲಿಸುವವಳು. ಹೋಟೆಲಿನ ಹಿಂದೆ, ಕಮರಿಯ ಅಂಚಿಗೂ ದನ ಸಾಕುವ ಲೈಲ್‌ನ ಬೇಲಿಗೂ ನಡುವೆ ನಾಯಿಗಳನ್ನು ಅಡ್ಡಾಡಿಸಲೆಂದು ಇರುವ ನಾಯಿದಾರಿ ಅವಳದೇ ಕೈಕೆಲಸ. ಜಾಗ ಮಾತ್ರ ಲೈಲ್‌ನದು. ಇಲ್ಲಿನ ಮಣ್ಣು ನಿಂತಲ್ಲಿ ನಿಲ್ಲುವಂಥದ್ದಲ್ಲ, ಮಳೆ ಬಿದ್ದಾಗಲೆಲ್ಲ ಅಂಚು ಕುಸಿಯುತ್ತದೆ. ವರ್ಷವೂ ಹಿಮ ಕರಗಿದ ಮೇಲೆ ಆರ್ಲಿಸ್ ಗುರುತಿನ ಗೂಟಗಳನ್ನು ಕಿತ್ತು, ಬೇಲಿಯ ಕಡೆಗೆ ಸರಿಸಿ ನೆಡುತ್ತಾಳೆ.

"ಬಂದ್ಯಾ ಕಳ್ಳಿ! ಹೀಗೇ ಸರಿಸ್ತಾ ಸರಿಸ್ತಾ ನನ್ನ ಅಡುಗೆಮನೇಲಿ ಗೂಟ ಹೊಡೀತೀಯ ನೀನು," ಎಂದು ಲೈಲ್ ಬೇಲಿಯಾಚೆಯಿಂದ ಗೊಣಗುತ್ತಾನೆ.

"ಹೊಡೀತೀನಿ. ಕಾಫಿ ಕಾಯಿಸಿಟ್ಟಿರು."

ಅವನದು ಒಂದೇ ಷರತ್ತು: ನಾಯಿಯ ಕೊರಳಲ್ಲಿ ಹಗ್ಗ ಇರಬೇಕು. ಹಗ್ಗ ಬಿಚ್ಚಿದವರ ಮೇಲೆ ಆರ್ಲಿಸ್ ಹರಿಹಾಯುತ್ತಿದ್ದಳು. ಆದರೆ ಅವಳ ಸ್ವಂತ ನಾಯಿ ಓಟಿಸ್ ಹಗ್ಗ ಕಂಡದ್ದೇ ಇಲ್ಲ. ಪ್ರಾಯದಲ್ಲಿ ಅದು ಲೈಲ್‌ನ ದನಗಳನ್ನು ಅಟ್ಟಿಕೊಂಡು ಬರುತ್ತಿತ್ತು. ಅದಕ್ಕೇ ಅವನು ಕಂಡೂ ಕಾಣದಂತೆ ಇರುತ್ತಿದ್ದ.

ಮುಪ್ಪಿನಲ್ಲಿ ಓಟಿಸ್‌ಗೆ ಕಣ್ಣು ಹೋಯಿತು. ದಾರಿ ಬಾಯಿಪಾಠವಾಗಿದ್ದರಿಂದ ದಿನವೂ ನಡೆಯುತ್ತಲೇ ಇತ್ತು. ಆದರೆ ಅದು ಕಲಿತಿದ್ದು ಹಳೆಯ ದಾರಿ. ಆ ದಾರಿ ಅಂಚಿನ ಜೊತೆ ಕುಸಿದು ಹೋಗಿತ್ತು. ಒಂದು ಬೆಳಿಗ್ಗೆ ಅದರ ಕಾಲಡಿಯ ಹೆಂಟೆ ಕಳಚಿ ಕೆಳಗೆ ಉರುಳಿತು. ಆರ್ಲಿಸ್ ಕತ್ತಿನ ಚರ್ಮ ಹಿಡಿದು ಎಳೆಯದಿದ್ದರೆ ನಾಯಿಯೂ ಉರುಳುತ್ತಿತ್ತು.

ಅಂದೇ ಅವಳು ಹಗ್ಗ ಕಟ್ಟಿದಳು. ಓಟಿಸ್ ನೆಲಕ್ಕೆ ಅಂಟಿಕೊಂಡು ಮಲಗಿಬಿಟ್ಟಿತು. ಮರುದಿನವೂ ಏಳಲಿಲ್ಲ, ಅನ್ನ ಮುಟ್ಟಲಿಲ್ಲ.

"ಕಟ್ಟಿದ್ರೆ ಕೊರಗಿ ಸಾಯ್ತಾನೆ, ಬಿಟ್ರೆ ಬಿದ್ದು ಸಾಯ್ತಾನೆ. ಏನ್ ಮಾಡ್ಲಿ ಹೇಳೇ?" ಎಂದು ನನ್ನ ಕೌಂಟರಿಗೆ ತಲೆ ಆನಿಸಿ ಅತ್ತಳು.

ಅಲ್ಲೇ ಪುಕ್ಕಟೆ ಕಾಫಿ ಬಗ್ಗಿಸಿಕೊಳ್ಳುತ್ತಿದ್ದ ಲೈಲ್, "ಒಂದು ಮುದಿ ನಾಯಿಗೆ ಇಷ್ಟು ರಂಪಾನಾ?" ಎಂದು ಟೋಪಿ ಹಾಕಿಕೊಂಡು ಹೊರಟ. ಆ ಲೋಟ ಕಿತ್ತು ಅವನ ತಲೆಯ ಮೇಲೇ ಸುರಿಯಬೇಕೆನ್ನಿಸಿತು ನನಗೆ.

ಒಂದೆರಡು ದಿನ ಕಳೆದು ಆರ್ಲಿಸ್ ನಾಯಿಯನ್ನು ಎತ್ತಿಕೊಂಡೇ ಹೋಗಿ ದಾರಿಯ ಬಾಯಲ್ಲಿ ಇಳಿಸಿದಳು. ಓಟಿಸ್ ಮೂಗೆತ್ತಿ ಗಾಳಿ ಮೂಸಿತು, ನೇರ ಬೇಲಿಗೆ ಹೋಗಿ ಒಂದು ಕಂಬ ನೆಕ್ಕಿತು. ಆಮೇಲೆ ಮುಂದಿನ ಕಂಬ, ಅದರ ಮುಂದಿನದು. ಅಂಚಿನ ಕಡೆ ತಿರುಗಲೇ ಇಲ್ಲ. ಆರ್ಲಿಸ್ ಕಂಬಕ್ಕೆ ಬೆರಳು ಉಜ್ಜಿ ಮೂಸಿದಳು. ಹಂದಿಮಾಂಸದ ಬೇಕನ್ ಹುರಿದಾಗ ಇಳಿಯುವ ಕೊಬ್ಬು!

ಅಲ್ಲೇ ಹಗ್ಗ ಬಿಚ್ಚಿ ಎಸೆದು, ಲೈಲ್‌ನನ್ನು ಹುಡುಕಿಕೊಂಡು ಹೋದಳು. "ಕಂಬಕ್ಕೆಲ್ಲ ಏನಯ್ಯಾ ಅದು ಜಿಡ್ಡು?"

"ತುಕ್ಕು ಹಿಡೀಬಾರದು ಅಂತ ಸವರಿದ್ದೆ."

"ಮರದ ಕಂಬಕ್ಕೆ ತುಕ್ಕಾ?"

"ಕಂಬ ನನ್ನದು ತಾನೇ? ನೀನು ಹೋಗಿ ಹಾಸಿಗೆ ಸರಿಮಾಡು."

ಓಟಿಸ್ ಇನ್ನೂ ಎರಡು ಬೇಸಿಗೆ ಆ ದಾರಿಯಲ್ಲಿ ನಡೆಯಿತು. ಕೊನೆಗೆ ಒಗೆಯುವ ಕೋಣೆಯ ಬೆಚ್ಚನೆಯ ಮೂಲೆಯಲ್ಲಿ ಮಲಗಿದ್ದು ಏಳಲಿಲ್ಲ. ಇನ್ನು ಕಂಬಗಳ ಜಿಡ್ಡು ಒಣಗುತ್ತದೆ ಎಂದುಕೊಂಡೆವು.

ಮೊನ್ನೆ ಒಬ್ಬಾಕೆ ತನ್ನ ತುಂಟ ನಾಯಿಮರಿಯನ್ನು ಎಳೆದುಕೊಂಡು ವಾಪಸು ಬಂದಳು. "ಏನ್ರೀ ಇದೆ ನಿಮ್ಮ ಬೇಲೀಲಿ? ದಾರಿಯುದ್ದಕ್ಕೂ ಕಂಬ ಬಿಟ್ಟು ಕದಲಲಿಲ್ಲ ಇದು. ಅಂಚಿನ ಹತ್ತಿರವೂ ಹೋಗಲಿಲ್ಲ, ಪುಣ್ಯ!"

ದುಪ್ಪಟಿ ಮಡಿಸುತ್ತಿದ್ದ ಆರ್ಲಿಸ್ ಅದರಲ್ಲೇ ಮುಖ ಒರೆಸಿಕೊಂಡು ಹೇಳಿದಳು:

"ತುಕ್ಕು ಹಿಡೀಬಾರದಂತೆ."