ಅಕ್ಕ ಒಪ್ಪದ ಕಥೆ

ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಒಂದು ಬೇಸಿಗೆ ರಜೆಯಲ್ಲಿ ಕಥೆ ಬರೆದೆ. ಭತ್ತದ ಸಸಿ ಹಚ್ಚುವ ಹೆಣ್ಣುಮಗಳೊಬ್ಬಳ ಮಿದುಳಿಗೆ ವಿಜ್ಞಾನಿಗಳು ಸಣ್ಣದೊಂದು ಚಿಪ್ ಕೂರಿಸುತ್ತಾರೆ. ದಡ್ಡಿಯಾಗಿದ್ದವಳು ವಾರದೊಳಗೆ ಹತ್ತು ಭಾಷೆ ಕಲಿತು, ಊರು ಬಿಟ್ಟು ದೊಡ್ಡ ಪ್ರಯೋಗಾಲಯ ಸೇರುತ್ತಾಳೆ. ಬರೆದು ಮುಗಿಸಿದಾಗ ನನಗೆ ಬಹಳ ಹೆಮ್ಮೆಯಾಗಿತ್ತು.

ಮೊದಲು ಓದಿ ಹೇಳಿದ್ದು ಜವಳಗೇರಾದಲ್ಲಿರುವ ಅಕ್ಕನಿಗೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ನಾಟಿ ಕೆಲಸಕ್ಕೆ ಹೋದವಳು ಆಕೆ. ನಾನು ಓದಿದ್ದು ಆಕೆಯ ದುಡಿಮೆಯಲ್ಲಿ. ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೊನೆಯವರೆಗೂ ಕೇಳಿದಳು. ಆ ಹೆಣ್ಣುಮಗಳು ದಡ್ಡಿ ಅಂತ ಹೇಳಿದವರು ಯಾರು ಎಂದಳು. ಆಕೆಗೆ ಓದು ಬರಹ ಇರಲಿಲ್ಲವಲ್ಲ ಎಂದೆ.

ಅಕ್ಕ ಮೊರ ಕೆಳಗಿಟ್ಟಳು. "ಭತ್ತದ ಕಾಳು ಹಲ್ಲಾಗ ಕಚ್ಚಿ, ಹಸಿ ಐತೋ ಒಣಗೇತೋ ಹೇಳ್ತೀನಿ ನಾ. ನಮಗ ಬುದ್ಧಿ ಕಡಿಮಿ ಬಿದ್ದಿಲ್ಲ ತಮ್ಮಾ, ಸಾಲಿ ಕಡಿಮಿ ಬಿದ್ದೈತಿ."

ಹಾಳೆ ಮಡಚಿ ಚೀಲದಲ್ಲಿಟ್ಟೆ. ಮುಖ ಎತ್ತಿ ಆಕೆಯನ್ನು ನೋಡಲಾಗಲಿಲ್ಲ. ಹೊರಡುವಾಗ, ಹತ್ತನೇ ತರಗತಿ ಪರೀಕ್ಷೆಯನ್ನು ಮನೆಯಲ್ಲೇ ಓದಿಯೂ ಕಟ್ಟಬಹುದು ಎಂದು ಹೇಳಿದೆ. ಈ ವಯಸ್ಸಿಗೆ ನಗೆಪಾಟಲು ಆಗೋದು ಬೇಡ ಎಂದಳು. ಮೂರನೇ ದಿನ ಫೋನು ಮಾಡಿ, ಬರುವಾಗ ಪುಸ್ತಕ ತಗೊಂಡು ಬಾ ಎಂದಳು.

ಎರಡು ವರ್ಷ, ರಜೆ ಇದ್ದಾಗಲೆಲ್ಲ ಸಿಂಧನೂರಿನಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ಭಿನ್ನರಾಶಿ ಬೇಗ ಹತ್ತಿತು. ಒಂದು ಎಕರೆ ನಾಟಿಯನ್ನು ಆಳುಗಳಿಗೆ ಪಾಲು ಹಾಕಿ ಗೊತ್ತಿದ್ದವಳಿಗೆ ಅದು ಹೊಸದೇನಲ್ಲ. ಇಂಗ್ಲಿಷ್ ಮಾತ್ರ ಕಣ್ಣೀರು ಹಾಕಿಸಿತು. ಒಮ್ಮೆ ಪುಸ್ತಕವನ್ನು ಅಂಗಳಕ್ಕೆ ಎಸೆದಳು. ಭಾವ ಎತ್ತಿ ತರಲು ಹೋದರೆ, ಬಿಡ್ರಿ ಎಂದು ತಾನೇ ಹೋಗಿ ಮಣ್ಣು ಒರೆಸಿ ತಂದಳು.

ಪರೀಕ್ಷೆಯ ಸೆಂಟರು ಲಿಂಗಸುಗೂರಿಗೆ ಬಂತು. ತನ್ನ ಮಗಳ ವಯಸ್ಸಿನ ಹುಡುಗಿಯರ ನಡುವೆ ಸೆರಗು ಬಿಗಿದುಕೊಂಡು ಒಳಗೆ ಹೋದಳು. ನಾನು ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತೆ. ನನ್ನ ಸ್ವಂತ ಪರೀಕ್ಷೆಗಳಿಗೂ ನಾನು ಅಷ್ಟು ಹೆದರಿರಲಿಲ್ಲ.

ಫಲಿತಾಂಶದಲ್ಲಿ ಇಂಗ್ಲಿಷ್ ಒಂದು ಉಳಿಯಿತು. ಹೇಗೆ ಹೇಳುವುದೆಂದು ಒದ್ದಾಡುತ್ತ ಹೋದರೆ, ಆಕೆ ಆಗಲೇ ತಿಳಿದುಕೊಂಡು ಮೊದಲ ಪಾಠ ತೆರೆದು ಕೂತಿದ್ದಳು.

"ಐದು ಬಂದಾವಲ್ಲ," ಎಂದಳು. "ಕೂಡು, ಇದನ್ನ ಹೇಳಿಕೊಡು."

ಮರುಪರೀಕ್ಷೆಯಲ್ಲಿ ಅದೂ ಪಾಸಾಯಿತು. ಸಿಂಧನೂರಿನ ಕಾಲೇಜಿಗೆ ಅರ್ಜಿ ಹಾಕುವುದೋ, ಸುಗ್ಗಿ ಮುಗಿಯುವವರೆಗೆ ತಡೆಯುವುದೋ ಎಂದು ಅಕ್ಕ, ಭಾವ ಈಗ ವಿಚಾರ ಮಾಡುತ್ತಿದ್ದಾರೆ.